ನೋಡಲು ಹೋದವರು

ಮಕ್ತಲ್
14 ಡಿಸೆಂಬರ್ 2023

ಎಲ್ಲಪ್ಪನಿಗೆ ನಾಗಪ್ಪನ ನಮಸ್ಕಾರಗಳು.

ಕವರಿನ ಮೇಲಿನ ಅಕ್ಷರ ನೋಡಿಯೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಮಾತು ಬಿಟ್ಟು ಹತ್ತೊಂಬತ್ತು ವರ್ಷವಾದರೂ ಒಂದೇ ಬೆಂಚಿನಲ್ಲಿ ಕೂತು ಕನ್ನಡ ತಿದ್ದಿದವರು ನಾವು. ಒಡೆದು ಓದುವುದೋ ಒಲೆಗೆ ಹಾಕುವುದೋ, ಅದು ನಿನ್ನ ಡಿಸ್ಕ್ರಿಷನ್. ನಿಮ್ಮೂರು ದಾಮರಗಿದ್ದದ ಬಸ್ಸಿನ ಕಂಡಕ್ಟರನಿಂದ ನಿನ್ನ ಫೋನ್ ನಂಬರು ತಂದಿಟ್ಟುಕೊಂಡಿದ್ದೇನೆ. ಆದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುವವನು ನೀನು. ಕಾಗದಕ್ಕೆ ಆ ಭಯವಿಲ್ಲ.

ವಿಷಯಕ್ಕೆ ಬರುತ್ತೇನೆ. ತಹಸೀಲ್ ಕಚೇರಿಯಲ್ಲಿ ಮೂವತ್ತೈದು ವರ್ಷ ಮಿಸಲು, ಕಡತ ಬರೆದವನು ವಿಷಯಕ್ಕೆ ಬರುವುದೇ ಮೂರನೆಯ ಪುಟದಲ್ಲಿ, ನೀನು ತಾಳಿಕೊಳ್ಳಬೇಕು. ಮೊನ್ನೆ ಭಾನುವಾರ ನಮ್ಮ ನಿವೃತ್ತ ನೌಕರರ ಸಂಘದ ಸಭೆ ಗದ್ವಾಲಿನಲ್ಲಿ ಸೇರಿತ್ತು. ನಾರಾಯಣಪೇಟೆಯ ಶ್ರೀನಿವಾಸುಲು ನಮ್ಮ ಸೆಕ್ರೆಟರಿ. ತೆಲುಗಿನಲ್ಲಿ ಮಾತು ಶುರು ಮಾಡಿ ಕನ್ನಡದಲ್ಲಿ ಮುಗಿಸುವ ಮನುಷ್ಯ. ಪ್ರತಿ ಸಲವೂ ಮಂಡಿನೋವಿನ ಚರ್ಚೆಯೇ ಆಗುತ್ತದೆಂದು ಈ ಸಲ ಒಂದು ವಿಷಯ ಕೊಟ್ಟ. ದೇಶದಲ್ಲಾಗಲಿ ವಿದೇಶದಲ್ಲಾಗಲಿ ನೀವು ಕಣ್ಣಾರೆ ಕಂಡ ಅತ್ಯಂತ ಚೆಂದದ ಜಾಗ ಯಾವುದು? ಒಬ್ಬೊಬ್ಬರಿಗೂ ಐದು ನಿಮಿಷ.

ಎಲ್ಲಪ್ಪ, ಅಂಥ ಸಭೆ ಹಿಂದೆ ಆಗಿಲ್ಲ. ಅಳಿಯನ ಮನೆಗೆಂದು ಸಿಂಗಪುರಕ್ಕೆ ಹೋಗಿದ್ದವರೊಬ್ಬರು ಕಟ್ಟಡದ ಒಳಗೇ ಬೀಳುವ ಜಲಪಾತದ ಕಥೆ ಹೇಳಿದರು. ನಯಾಗರಾ ನೋಡಿದವರು ಐದೂ ನಿಮಿಷ ತಮಗೆ ತೊಡಿಸಿದ ಪ್ಲಾಸ್ಟಿಕ್ ಕೋಟಿನ ಬಗ್ಗೆಯೇ ಮಾತಾಡಿದರು. ನಮ್ಮದೇ ಓಣಿಯ ಸುಗುಣಮ್ಮ ಟೀಚರು ರಾಮೇಶ್ವರದ ದಾರಿ ಅಂದರು. "ಎಡಕ್ಕೂ ಸಮುದ್ರ, ಬಲಕ್ಕೂ ಸಮುದ್ರ, ನಡುವ ಬಸ್ಸು. ಯಾವ ಕಿಟಕಿ ಹಿಡೀಬೇಕು ಅಂತ ತಿಳೀದ ನಿಂತ ಬಿಟ್ಟಿದ್ದೆ ನೋಡ್ರಿ." ಗಟ್ಟು ಕಡೆಯವರೊಬ್ಬರು ಎದ್ದು, ಜುರಾಲ ಅಣೆಕಟ್ಟಿನ ಗೇಟೆಲ್ಲ ತೆರೆದ ದಿನ ಕೃಷ್ಣೆಯನ್ನು ನೋಡಿದ್ದೇ ತಮಗೆ ಚೆಂದ ಎಂದರು. ಅದು ನಮ್ಮದೇ ಅಲ್ಲೇನ್ರಿ ಎಂದು ಎಲ್ಲರೂ ನಕ್ಕರು. "ನಮ್ಮದಾದ್ರ ಚೆಂದ ಇರಬಾರದೇನು?" ಎಂದು ಕೂತರು. ವೆರಿ ವ್ಯಾಲಿಡ್ ಪಾಯಿಂಟ್.

ಕೊನೆಗೆ ನನ್ನ ಸರದಿ. ನಾನು ಕಾಶ್ಮೀರ ಅಂದೆ. ನಮ್ಮ ಮನೆಯಾಕೆ ಚನ್ನವೀರಮ್ಮ ಹೇಳುತ್ತಿದ್ದ ಹಾಗೆಯೇ ಹೇಳಿದೆ. ಐದು ನಿಮಿಷ ಮೀರಿದರೂ ಯಾರೂ ಗಡಿಯಾರ ನೋಡಲಿಲ್ಲ. ಮುಗಿಸಿದಾಗ ಶ್ರೀನಿವಾಸುಲು ನನ್ನ ಕೈ ಹಿಡಿದು, "ನಾಗಪ್ಪಗಾರು, ಮೀರೇ ಮಾ ಗೈಡು. ಏಪ್ರಿಲ್‌ದಾಗ ಎಲ್ರೂ ಅಲ್ಲಿಗೇ ಹೋಗೂಣು, ನೀವೇ ಹಾದಿ ತೋರಸ್ರಿ" ಅಂದ. ಯುನಾನಿಮಸ್. ಇಪ್ಪತ್ತೆರಡು ಜನ. ಕೂಡಲೇ ಒಂದು ಹಾರವನ್ನೂ ಹಾಕಿದರು.

ಈಗ ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ; ನಿನಗೊಬ್ಬನಿಗೆ ತಾನೆ ಬರೆಯಬಹುದು. ನಾನು ಕಾಶ್ಮೀರ ನೋಡಿಲ್ಲ. 1988ರ ಮೇ ತಿಂಗಳಲ್ಲಿ ಓಣಿಯವರೆಲ್ಲ ಸೇರಿ ಅವಳಿಗೆ ಉಡಿ ತುಂಬಿ, ನಮ್ಮಿಬ್ಬರಿಗೂ ಹಾರ ಹಾಕಿ ಹೈದರಾಬಾದ್ ಬಸ್ಸು ಹತ್ತಿಸಿದರು. ರೈಲು ಸಿಕಂದರಾಬಾದಿನಿಂದ. ನಾವು ಕೂತದ್ದು ನಾಂಪಲ್ಲಿ ಸ್ಟೇಷನ್ನಿನಲ್ಲಿ. ಯಾರನ್ನಾದರೂ ಕೇಳಿರಿ ಎಂದು ಅವಳು ಮೂರು ಸಲ ಹೇಳಿದಳು. ನಾನು ಐ ನೋ, ಐ ನೋ ಅಂದೆ. ಹಾರ ಹಾಕಿಸಿಕೊಂಡು ಯಾತ್ರೆಗೆ ಹೊರಟವರು ಹೋಗಬೇಕಾದ ಜಾಗ ಮುಟ್ಟದೆ ಹೊಸ್ತಿಲು ತುಳಿದರೆ ಮನೆಗೆ ಕೇಡು ಅನ್ನುತ್ತಾರೆ ನಮ್ಮಲ್ಲಿ. ಕೇಡಿಗಿಂತ ನನಗೆ ನಗೆಯ ಭಯ ಹೆಚ್ಚಾಗಿತ್ತು. ಚಿನಾಬ್ ನದಿಯ ಸುರಂಗದ ಕೆಲಸದಿಂದ ನೀನು ಆಗಷ್ಟೇ ಊರಿಗೆ ಬಂದಿದ್ದೆ. ಹನ್ನೆರಡು ದಿನ ನಿನ್ನ ಮನೆಯಲ್ಲಿ ಅಡಗಿದ್ದೆವು. ನೀನು ಹೇಳಿದ ಕಾಶ್ಮೀರವನ್ನು ಕೇಳಿಕೊಂಡು ಮಕ್ತಲಿಗೆ ಬಂದು ನಮ್ಮದೆಂದು ಹೇಳಿದೆವು.

ಆದ್ದರಿಂದ ಪ್ಲೀಸ್, ಒಂದು ಉಪಕಾರ. ದಾರಿ ಹೇಗೆ, ಏನು ಮೊದಲು ಕಾಣುತ್ತದೆ, ಏಪ್ರಿಲ್‌ನಲ್ಲಿ ಯಾವ ಹೂವು, ಎಲ್ಲ ಬರೆದು ಕಳಿಸು. ನಮ್ಮಿಬ್ಬರ ನಡುವಿನ ಆ ಹೋಟೆಲಿನ ಮಾತು ಹಳೆಯದಾಯಿತು. ಅದನ್ನು ಈಗ ಎತ್ತುವುದು ಬೇಡ.

ನಿನ್ನ
ನಾಗಪ್ಪ

—

ದಾಮರಗಿದ್ದ
5 ಜನವರಿ 2024

ನಾಗಪ್ಪನವರಿಗೆ,

ನಿಮ್ಮ ಕಾಗದ ಮುಟ್ಟಿತು. ಒಲೆಗೆ ಹಾಕಲಿಲ್ಲ. ಮನೆಯಲ್ಲಿ ಈಗ ಗ್ಯಾಸು ಇದೆ.

ಚನ್ನವೀರಮ್ಮ ಹೋದ ಸುದ್ದಿ ಎರಡು ವರ್ಷದ ಹಿಂದೆ ಬಸ್ಸಿನಲ್ಲಿ ತಿಳಿಯಿತು. ಆ ದಿನ ಮಕ್ತಲಿನವರೆಗೆ ಬಂದಿದ್ದೆ. ಬಸ್‌ಸ್ಟ್ಯಾಂಡಿನಿಂದ ಹಿಂದಿರುಗಿದೆ.

ಹೋಟೆಲಿನ ಮಾತು ಎತ್ತುವುದು ಬೇಡ ಅಂದಿದ್ದೀರಿ. ನಾನು ಎತ್ತುತ್ತೇನೆ. ಮಕ್ತಲ್ ಬಸ್‌ಸ್ಟ್ಯಾಂಡಿನ ಚಹಾದ ಹೋಟೆಲು, ಸಂತೆಯ ದಿನ. ಮೇ ತಿಂಗಳಲ್ಲಿ ಕಾಶ್ಮೀರದ ಕೇಸರಿ ಹೊಲಗಳು ಹೂ ಬಿಟ್ಟದ್ದನ್ನು ಕಂಡೆ ಎಂದು ನೀವು ಹತ್ತು ಜನರ ಮುಂದೆ ಹೇಳುತ್ತಿದ್ದಿರಿ. ಆ ಮಾತು ನಾನು ಹೇಳಿಕೊಟ್ಟದ್ದಲ್ಲ, ನೀವು ಸೇರಿಸಿಕೊಂಡದ್ದು. ಪಕ್ಕದ ಬೆಂಚಿನಿಂದ ನಾನು "ಕೇಸರಿ ಹೂವು ಕಾರ್ತೀಕದಾಗ ಬಿಡತೈತಿ, ಬ್ಯಾಸಿಗ್ಯಾಗ ಬರೀ ಮಣ್ಣು" ಅಂದೆ. ಬಾಯಿಂದ ತಾನಾಗಿ ಬಂತು. ಯಾರೋ ನಕ್ಕರು. ನೀವು ನನ್ನ ಮುಖ ನೋಡದೆ ಹೇಳಿದ್ದು ನನಗೆ ಅಕ್ಷರಕ್ಕಕ್ಷರ ನೆನಪಿದೆ: "ಸುರಂಗ ತೋಡಾಕ ಹೋದ ಕೂಲಿಯವಗ ಏನ್ ಗೊತ್ತು? ನಾವು ನೋಡಾಕ ಹೋದವರು."

ಇಂಥ ಕೂಲಿಯವನನ್ನು ಗೈಡಿನ ವಿಷಯ ಕೇಳಿದ್ದೀರಿ. ಒಂದು ಹೇಳುತ್ತೇನೆ, ನಿಮಗಾಗಿ ಅಲ್ಲ, ಬರುವ ಇಪ್ಪತ್ತೆರಡು ಜನರಿಗಾಗಿ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಸುರಂಗದ ಬಾಯಿಗೆ ಬರುತ್ತಿದ್ದೆವು. ಮೈತುಂಬ ಕಲ್ಲಿನ ಬೂದಿ. ಎದುರಿನ ಹಿಮದ ಗುಡ್ಡಕ್ಕೆ ಬಿಸಿಲು ಮೇಲಿನಿಂದ ಇಳಿಯುತ್ತದೆ, ನಮ್ಮ ಕಡೆಯ ಹಾಗೆ ಕೆಳಗಿನಿಂದ ಏರುವುದಿಲ್ಲ. ತುದಿ ಅರಿಶಿನ, ನಡು ಬಿಳುಪು, ಬುಡ ಇನ್ನೂ ಕತ್ತಲು. ಬುಡದವರೆಗೆ ಬಿಸಿಲು ಬರುವತನಕ ಮೂವತ್ತು ಜನ ಯಾರೂ ಮಾತಾಡದೆ ನಿಲ್ಲುತ್ತಿದ್ದೆವು. ಆಮೇಲೆ ಮಲಗಲು ಹೋಗುತ್ತಿದ್ದೆವು. ನಾವೂ ನೋಡುತ್ತಿದ್ದೆವು, ನಾಗಪ್ಪನವರೇ.

ಎಲ್ಲಪ್ಪ

—

ಮಕ್ತಲ್
20 ಜನವರಿ 2024

ಪ್ರಿಯ ಎಲ್ಲಪ್ಪ,

ನಿನ್ನ ಕಾಗದ ಬಂದ ದಿನ ನಾನು ಊಟವನ್ನೇ ಮರೆತೆ. ಸೊಸೆ ಸರಿತಾ ಎರಡು ಸಲ ಕರೆದು, "ಮಾವಾ, ಲವ್ ಲೆಟರ್ ಬಂದೈತೇನ್ರಿ" ಎಂದು ಚುಡಾಯಿಸಿದಳು. ಬಿಸಿಲು ಮೇಲಿನಿಂದ ಇಳಿಯುತ್ತದೆ ಅಂದೆಯಲ್ಲ, ಅದನ್ನು ಸುಗುಣಮ್ಮನವರ ಮುಂದೆ ಹೇಳಿದೆ. ಆಕೆ ತೊಗರಿ ಕೇರುವ ಮೊರವನ್ನು ಕೆಳಗಿಟ್ಟು, ಇನ್ನೊಮ್ಮೆ ಹೇಳ್ರಿ ಅಂದರು. ಈಗ ಆ ಗುಡ್ಡ ಕಾಣುವ ಊರಿಗೇ ಹೋಗಬೇಕೆಂದು ಶ್ರೀನಿವಾಸುಲುವಿಗೆ ದಿನಾ ಫೋನು.

ಇಲ್ಲಿನ ಉತ್ಸಾಹ ನೀನು ನೋಡಬೇಕಿತ್ತು. ಮಕ್ತಲಿನ ಮಧ್ಯಾಹ್ನದ ಬಿಸಿಲಿನಲ್ಲಿ ಶ್ರೀನಿವಾಸುಲು ಉಣ್ಣೆಯ ಟೋಪಿ ಹಾಕಿಕೊಂಡು ಬಂದಿದ್ದ, ಪ್ರಾಕ್ಟೀಸ್ ಅಂತೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿದ್ದರೂ ತೆಗೆಯಲೊಲ್ಲ. ಸಿಂಗಪುರದವರು ದಿನಾ ಬೆಳಿಗ್ಗೆ ಕೆರೆಯ ಏರಿ ಹತ್ತಿ ಇಳಿಯುತ್ತಿದ್ದಾರೆ. ನಾನೂ ಹೊಸ ಬೂಟು ಹಾಕಿಕೊಂಡು ಮನೆಯೊಳಗೆ ನಡೆಯುತ್ತೇನೆ. ಎಪ್ಪತ್ತನೆಯ ವಯಸ್ಸಿನಲ್ಲಿ ನನಗೆ ರಾತ್ರಿ ನಿದ್ದೆ ಬರುವುದಿಲ್ಲ, ನಿಜವಾಗಿಯೂ ನೋಡುತ್ತೇನಲ್ಲ ಎಂದು. ಐ ಯಾಮ್ ಲೈಕ್ ಎ ಸ್ಕೂಲ್ ಬಾಯ್.

ಆದರೆ ಒಂದು ಕಡೆ ಹೆದರಿಕೆ. ನಮ್ಮ ಓಣಿಯ ಹೆಂಗಸರು ಇವತ್ತಿಗೂ "ಚನ್ನವೀರಮ್ಮ ಹೇಳತಿದ್ದಳು ನೋಡ್ರಿ" ಎಂದೇ ಕಾಶ್ಮೀರದ ಮಾತು ಶುರು ಮಾಡುತ್ತಾರೆ. ಆ ಹಸಿರು ನೀರು, ಮೇ ತಿಂಗಳಲ್ಲಿ ಕುರಿಗಳನ್ನು ಹೊಡೆದುಕೊಂಡು ಗುಡ್ಡ ಏರುವ ಜನ, ಕಾಯಿ ಬಡಿದರೆ ಕೈಯೆಲ್ಲ ಕಪ್ಪಾಗುವ ಅಕ್ರೋಟಿನ ಮರ. ಅವಳು ಸತ್ತ ಮೇಲೂ ಈ ಮಾತುಗಳಲ್ಲಿ ಅವಳ ದನಿ ಓಣಿಯಲ್ಲಿ ಉಳಿದಿದೆ. ಅಲ್ಲಿ ಹೋಗಿ ನಾನು ಒಂದು ಹೆಜ್ಜೆ ತಪ್ಪಿದರೆ ಅವಳು ಸುಳ್ಳಿ ಅನ್ನಿಸಿಕೊಳ್ಳುತ್ತಾಳೆ. ನನಗೆ ಏನಾದರೂ ಆಗಲಿ, ಅವಳಿಗೆ ಅದು ಆಗಬಾರದು. ಅದಕ್ಕೇ ನಿನ್ನನ್ನು ಇಷ್ಟು ಕಾಡುವುದು.

ಹೋಟೆಲಿನ ವಿಷಯ ನೀನೇ ಎತ್ತಿದ್ದೀ, ಆದ್ದರಿಂದ ಬರೆಯುತ್ತೇನೆ. ಸಂದರ್ಭ ಹಾಗಿತ್ತು. ಎನಿ ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್.

ಇನ್ನು ಪ್ರಶ್ನೆಗಳು. ಜಮ್ಮುವಿನಿಂದ ಮೇಲೆ ಹೋಗುವಾಗ ನದಿ ಯಾವ ಕೈಗೆ? ಊಟಕ್ಕೆ ಜೋಳದ ರೊಟ್ಟಿ ಸಿಗದು, ಏನು ಮಾಡೋಣ? ಸುಗುಣಮ್ಮ ಹಿಮ ತಿನ್ನಬಹುದೇ ಎಂದು ಕೇಳುತ್ತಾರೆ.

ನಿನ್ನ
ನಾಗಪ್ಪ

—

ದಾಮರಗಿದ್ದ
11 ಫೆಬ್ರವರಿ 2024

ನಾಗಪ್ಪನವರಿಗೆ,

ಹಿಮ ತಿನ್ನಬಹುದು. ರುಚಿ ಏನೂ ಇಲ್ಲ, ಆದರೂ ಎಲ್ಲರೂ ಒಂದು ಸಲ ತಿನ್ನುತ್ತಾರೆ. ನಾನೂ ತಿಂದಿದ್ದೇನೆ. ರೊಟ್ಟಿಯನ್ನು ಒಣಗಿಸಿಕೊಂಡು ಹೋಗಿ, ಹದಿನೈದು ದಿನ ಕೆಡುವುದಿಲ್ಲ. ನದಿಯ ಕೈ ತಿರುವಿಗೊಂದು ಸಲ ಬದಲಾಗುತ್ತದೆ.

ಇಂಗ್ಲಿಷಿನಲ್ಲಿ ಬರೆದ ಆ ಒಂದು ಸಾಲು ಸರ್ಕಾರದವರು ನನ್ನ ಹೊಲದ ನಡುವೆ ಕರೆಂಟಿನ ಕಂಬ ಹಾಕಿದಾಗ ಬಂದ ಕಾಗದದಲ್ಲೂ ಇತ್ತು ಎಂದು ಮೊಮ್ಮಗಳು ಹೇಳಿದಳು. ಕನ್ನಡದಲ್ಲಿ ಬರೆಯಲು ಬಂದರೆ ಬರೆಯಿರಿ.

ಒಂದು ಸಂಗತಿ ಹೇಳುತ್ತೇನೆ. ಹೇಳಬಾರದೆಂದು ಆಕೆ ಮಾತು ತೆಗೆದುಕೊಂಡಿದ್ದಳು. ಈಗ ಆಕೆಯೂ ಇಲ್ಲ, ನಮ್ಮವ್ವ ಕಿಷ್ಟಮ್ಮನೂ ಇಲ್ಲ. ಹೋಟೆಲಿನಲ್ಲಿ ನೀವು ಹಾಗೆ ಅಂದ ಮೂರನೆಯ ದಿನ ಚನ್ನವೀರಮ್ಮ ಒಬ್ಬಳೇ ಬಸ್ಸಿನಲ್ಲಿ ನಮ್ಮ ಮನೆಗೆ ಬಂದಳು. ಹಾಡಹಗಲು, ಎಲ್ಲರೂ ನೋಡುವ ಹಾಗೆ ಓಣಿಯೊಳಗೆ ನಡೆದು ಬಂದಳು. ಅವ್ವ ಒಲೆಯ ಮುಂದಿದ್ದಳು. "ಯವ್ವಾ, ಹಸಿವಿ ಆಗೈತಿ, ರೊಟ್ಟಿ ಹಾಕು" ಎಂದು ಒಲೆಯ ಹತ್ತಿರವೇ ಕೂತು ಉಂಡಳು. ಉಂಡು ನನಗೆ ಹೇಳಿದಳು: "ಅಣ್ಣಾ, ಅವ್ರು ನನ್ನ ಮಾತು ಉಳಸಾಕ ಹಂಗ ಅಂದ್ರಂತ. ಆದ್ರ ಆ ಮಾತು ನಂದೆಲ್ಲಿತ್ತು, ನಿಂದಲ್ಲೇನು? ನಿನ್ನ ಕಣ್ಣಿಂದ ನೋಡಿದವರು ನಾವು." ನೀವು ಒಂದು ದಿನ ಬಂದೇ ಬರುತ್ತೀರಿ, ಸ್ವಲ್ಪ ತಡವಾಗುತ್ತದೆ ಅಷ್ಟೇ, ಅಂದಳು. ಅವ್ವ ಸಾಯುವತನಕ ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದಳು.

ನೀವು ಮಾತ್ರ ಬರಲಿಲ್ಲ. ನಮ್ಮ ಮನೆಯಲ್ಲಿ ಹನ್ನೆರಡು ದಿನ ಉಂಡದ್ದನ್ನು ಯಾರಿಗೂ ಹೇಳಲೂ ಇಲ್ಲ. ರೈಲು ತಪ್ಪಿದ್ದನ್ನು ಮುಚ್ಚಿಟ್ಟಿರಿ, ಅದು ನಿಮ್ಮದು. ಇದನ್ನು ಯಾಕೆ ಮುಚ್ಚಿಟ್ಟಿರಿ ಎಂದು ನನಗೆ ಗೊತ್ತು. ನಿಮಗೂ ಗೊತ್ತು.

ಎಲ್ಲಪ್ಪ

—

ಮಕ್ತಲ್
20 ಮಾರ್ಚ್ 2024

ಎಲ್ಲಪ್ಪ,

ಒಂದು ತಿಂಗಳು ಬರೆಯಲಿಲ್ಲ. ಬರೆದು ಹರಿದದ್ದು ಏಳು ಕಾಗದ. ಚನ್ನವೀರಮ್ಮ ವರ್ಷಕ್ಕೊಮ್ಮೆ ತವರಿಗೆಂದು ಹೋಗಿ ಹೇಳಿದ್ದಕ್ಕಿಂತ ಒಂದು ದಿನ ತಡವಾಗಿ ಬರುತ್ತಿದ್ದಳು. ನಾನು ಒಮ್ಮೆಯೂ ಕೇಳಲಿಲ್ಲ. ಇವತ್ತು ಖುಷಿಯ ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಕ್ಷಮಿಸು.

ಮೊನ್ನೆ ಭಾನುವಾರ ನಾರಾಯಣಪೇಟೆಯಲ್ಲಿ ಪ್ರಯಾಣದ ಕೊನೆಯ ಸಭೆ. ಯಾರು ಯಾರ ಪಕ್ಕ ಕೂರಬೇಕು ಎಂದು ಶ್ರೀನಿವಾಸುಲು ಪಟ್ಟಿ ಓದುತ್ತಿದ್ದ. ಗೈಡ್, ನಾಗಪ್ಪಗಾರು, ಎಂದು ಬಂದಾಗ ನಾನು ಎದ್ದು ನಿಂತೆ. ಮನೆಯಲ್ಲಿ ಇಂಗ್ಲಿಷಿನಲ್ಲಿ ತಯಾರಿ ಮಾಡಿಕೊಂಡಿದ್ದೆ, ಲೇಡೀಸ್ ಅಂಡ್ ಜಂಟಲ್‌ಮನ್, ದಿ ಫ್ಯಾಕ್ಟ್ ಈಸ್. ಒಂದು ಶಬ್ದವೂ ಬಾಯಿಗೆ ಬರಲಿಲ್ಲ. "ನಾ ಕಾಶ್ಮೀರ ನೋಡಿಲ್ರಿ. ನಾಂಪಲ್ಲ್ಯಾಗ ಕುಂತು ರೈಲು ತಪ್ಪಿಸಿಕೊಂಡೆ" ಅಂದುಬಿಟ್ಟೆ.

 ಸುಗುಣಮ್ಮ ಕೂತಲ್ಲಿಂದಲೇ, "ಗೊತ್ತೈತಿ, ಕುಂದರ್ರಿ" ಅಂದರು.

"ಏನ್ ಗೊತ್ತೈತಿ?"

"ಚನ್ನವೀರಮ್ಮ ಬಂದ ತಿಂಗಳಿಗೇ ಹೇಳಿದ್ದಳು, ಹಪ್ಪಳ ಹಾಕಾಗ. ನಮ್ಮನೀಯವರು ಮಾಡಿದ್ದು ನೋಡ್ರಿ ಅಂತ ಹೊಟ್ಟಿ ಹುಣ್ಣಾಗೂಹಂಗ ನಕ್ಕಿದ್ವಿ. ಗಂಡಸರಿಗೆ ಹೇಳಬ್ಯಾಡ್ರಿ ಅಂದಳು. ಹೇಳಲಿಲ್ಲ."

ಎಲ್ಲಪ್ಪ, ಮೂವತ್ತಾರು ವರ್ಷ. ಓಣಿಯ ಹೆಂಗಸರೆಲ್ಲ ನಾನು ಬಾಯಿ ತೆರೆದು ಕಾಶ್ಮೀರ ಅಂದಾಗಲೆಲ್ಲ ಸೆರಗು ಬಾಯಿಗೆ ಹಿಡಿಯುತ್ತಿದ್ದದ್ದು ಮೆಚ್ಚುಗೆಗೆ ಎಂದುಕೊಂಡಿದ್ದೆ. ಶ್ರೀನಿವಾಸುಲು ನಕ್ಕು ನಕ್ಕು ಟೋಪಿ ತೆಗೆದ. ಇನ್ನು ಅವಳನ್ನು ಸುಳ್ಳಿ ಅನ್ನುವವರು ಯಾರೂ ಇಲ್ಲ ಎಂದು ನನ್ನ ಎದೆ ಹಗುರವಾಯಿತು. ಕೂರಲು ಹೋದೆ. ಆಗ ಸುಗುಣಮ್ಮ ಕೇಳಿದರು, "ಒಂದು ಮಾತ್ರ ಅಕಿ ಎಷ್ಟು ಕೇಳಿದ್ರೂ ಹೇಳಲಿಲ್ಲ. ಹನ್ನೆರಡು ದಿನ ಎಲ್ಲಿದ್ರಿ?"

ಅವಳು ಅದನ್ನು ಹೇಳದಿದ್ದದ್ದು ನಾನು ಆಣೆ ಹಾಕಿಸಿಕೊಂಡಿದ್ದರಿಂದ. ರೈಲು ತಪ್ಪಿದ್ದಕ್ಕೆ ಹಾಕಿಸಿಕೊಳ್ಳಲಿಲ್ಲ, ಇದಕ್ಕೆ ಹಾಕಿಸಿಕೊಂಡಿದ್ದೆ. ನೀನು ಬರೆದದ್ದು ಸರಿ. ಯಾಕೆಂದು ನನಗೆ ಗೊತ್ತಿತ್ತು.

"ದಾಮರಗಿದ್ದದಾಗ. ಎಲ್ಲಪ್ಪನ ಮನ್ಯಾಗ. ಅವರವ್ವ ಕಿಷ್ಟಮ್ಮ ಉಣ್ಣಾಕ ಹಾಕಿದಳು, ಉಂಡ್ವಿ" ಅಂದೆ.

ಈ ಸಲ ಯಾರೂ ನಗಲಿಲ್ಲ. ನಿನ್ನ ಓಣಿ ಯಾವುದೆಂದು ಗೊತ್ತಿದ್ದವರು ಅಲ್ಲಿದ್ದರು. ನಮ್ಮ ಜಾತಿಯ ಹಿರಿಯರೊಬ್ಬರು ಮೇಲೆ ಫ್ಯಾನು ನೋಡತೊಡಗಿದರು. ಒಬ್ಬರು ಎದ್ದು ಹೊರಗೆ ಹೋದರು, ತಿರುಗಿ ಬರಲಿಲ್ಲ. ಈಗ ನಾವು ಇಪ್ಪತ್ತೊಂದು ಜನ. ಕೊನೆಗೆ ಸುಗುಣಮ್ಮನೇ, "ರೊಟ್ಟಿ ಜ್ವಾಳದ್ದೋ ಸಜ್ಜಿದೋ?" ಎಂದು ಕೇಳಿದರು. ಸಜ್ಜಿದು, ಮೇಲೆ ಪುಂಡಿಪಲ್ಯ ಅಂದೆ. "ಮತ್ತ ಹಾದಿ ಗೊತ್ತಿದ್ದಂವನ್ನ ಬಿಟ್ಟು ನಿಮ್ಮನ್ನ ಕಟಗೊಂಡು ಹೊಂಟೀವಲ್ಲ ನಾವು" ಅಂದರು.

ಬಸ್ಸು ಇಳಿದು ಮನೆಗೆ ಹೋಗಲಿಲ್ಲ. ಆ ಹೋಟೆಲಿಗೆ ಹೋದೆ. ಈಗ ಬೇರೆಯವರು ನಡೆಸುತ್ತಾರೆ, ಗೋಡೆಗೆ ಟೈಲ್ಸು ಬಂದಿದೆ. ಅಂದು ಕೇಳಿದವರಲ್ಲಿ ಒಬ್ಬರೂ ಇರಲಿಲ್ಲ, ಅರ್ಧ ಜನ ಮಣ್ಣಾಗಿದ್ದಾರೆ. ಎಂಟೋ ಹತ್ತೋ ಜನ ಚಹಾ ಕುಡಿಯುತ್ತಿದ್ದರು. ನಾನು ನಿಂತು ಜೋರಾಗಿ ಹೇಳಿದೆ: "ಹತ್ತೊಂಬತ್ತು ವರ್ಷದ ಹಿಂದ ಇಲ್ಲೇ ದಾಮರಗಿದ್ದದ ಎಲ್ಲಪ್ಪಗ ಕೂಲಿಯವಗ ಏನ್ ಗೊತ್ತು ಅಂದಿದ್ದೆ. ಗೊತ್ತಿದ್ದದ್ದು ಅವನಿಗೆ. ಏನೂ ನೋಡದಂವ ನಾನು." ಒಬ್ಬ ಮುದುಕಪ್ಪ, "ಕುಂದರ್ರಿ ಯಜಮಾನ್ರ, ಬಿಸಿಲು ಭಾಳ ಐತಿ" ಎಂದು ನೀರು ಕೊಟ್ಟ. ನನಗೆ ತಲೆ ತಿರುಗಿದೆ ಎಂದುಕೊಂಡಿದ್ದಾನೆ. ಎಂದುಕೊಳ್ಳಲಿ.

ಕನ್ನಡದಲ್ಲಿ ಬರೆ ಅಂದಿದ್ದೆ ನೀನು. ನಾನು ತಪ್ಪು ಮಾಡಿದೆ, ಎಲ್ಲಪ್ಪ. ಮಾತಿನಲ್ಲಿ ಒಮ್ಮೆ, ಮೌನದಲ್ಲಿ ಮೂವತ್ತಾರು ವರ್ಷ. ನನ್ನನ್ನು ಕ್ಷಮಿಸು ಎಂದು ಕೇಳುತ್ತೇನೆ. ಕ್ಷಮಿಸದಿದ್ದರೂ ನಮ್ಮ ಜೊತೆ ಬಾ. ಹೊರಡುವುದು ಏಪ್ರಿಲ್ 14. ನನಗೆ ಆ ಬೆಳಗಿನ ಬಿಸಿಲನ್ನು ನೀನು ಪಕ್ಕದಲ್ಲಿ ನಿಂತು ತೋರಿಸಬೇಕು.

ನಾಗಪ್ಪ

—

ದಾಮರಗಿದ್ದ
3 ಏಪ್ರಿಲ್ 2024

ನಾಗಪ್ಪ,

ಬರುತ್ತೇನೆ. ಮೊಮ್ಮಗಳು ಚೀಲ ತುಂಬಿ, ಮತ್ತೆ ಬಿಚ್ಚಿ, ಇನ್ನೂ ಒಂದು ಶಾಲು ಸೇರಿಸಿ ಕೂತಿದ್ದಾಳೆ. ನಾನೂ ಅಲ್ಲಿಗೆ ಕೆಲಸವಿಲ್ಲದೆ ಹೋಗುವುದು ಇದೇ ಮೊದಲು. ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ ಅಂಥ ಕಡೆ ಎಂದು ಯೋಚನೆಯಾಗಿದೆ, ನಿನ್ನನ್ನು ಕೇಳೋಣವೆಂದರೆ ನಿನಗೂ ಗೊತ್ತಿಲ್ಲ.

14ಕ್ಕೆ ಬಸ್‌ಸ್ಟ್ಯಾಂಡಿಗೆ ಬರುವುದಿಲ್ಲ. 13ನೆಯ ತಾರೀಖು, ಶನಿವಾರ, ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೇ ಬರುತ್ತೇನೆ. ಸರಿತಾಳಿಗೆ ಹೇಳಿಡು, ಏನು ಮಾಡಿದರೂ ಉಣ್ಣುತ್ತೇನೆ, ನೀವು ಉಣ್ಣುವ ಕಡೆಯೇ ಕೂತು.

ಚಿನಾಬ್ ನೋಡಿದ್ದೇನೆ. ಭೂತಾನದಲ್ಲಿ ಮೋಡ ಕಾಲ ಕೆಳಗೆ ಹಾಯುವುದನ್ನು ನೋಡಿದ್ದೇನೆ, ಮಸ್ಕತ್ತಿನಲ್ಲಿ ಕಲ್ಲಿನ ಗುಡ್ಡ ಸೀದಾ ಸಮುದ್ರಕ್ಕೆ ಇಳಿಯುವುದನ್ನು ನೋಡಿದ್ದೇನೆ. ಐದನೆಯ ಇಯತ್ತೆಯಿಂದ ನಿನ್ನ ಗೆಳೆಯ ನಾನು. ಮಕ್ತಲಿನಲ್ಲಿ ನಿಮ್ಮ ಮನೆಯ ಕಟ್ಟೆಯಿಂದ ಒಳಗೆ ಏನಿದೆ ಎಂದು ಇವತ್ತಿನವರೆಗೂ ನೋಡಿಲ್ಲ.

ಎಲ್ಲಪ್ಪ